ನನ್ನ ಉಪ್ಪುಸಾರಿನ ಗುಟ್ಟು ಬಯಲು ಮಾಡಿದ ಹೃದಯದವರಿಗೆ

ಅರವತ್ತೊಂಬತ್ತು ವರ್ಷಗಳಿಂದ ಒಂದು ದಿನವೂ ರಜೆ ಹಾಕದೆ ನನ್ನ ಎದೆಯಲ್ಲಿ ಬಿಜಯಂಗೈದಿರುವ ಮಾನ್ಯ ಹೃದಯದವರೇ,

ಪಾಂಡವಪುರ ತಾಲ್ಲೂಕಿನಲ್ಲಿ ನಾಲೆಯಿಂದ ಗದ್ದೆಗೆ ನೀರು ಬಿಡುತ್ತಿದ್ದ ನಿವೃತ್ತ ನೀರಗಂಟಿ ಮಂಚಯ್ಯ ಮಾಡುವ ನಮಸ್ಕಾರಗಳು. ಇಲ್ಲಿ ಎಲ್ಲರೂ ಕ್ಷೇಮ. ನನ್ನ ಪಾದಗಳು ಮಾತ್ರ ಊದಿಕೊಂಡಿವೆ, ಅದು ತಮಗೆ ನನಗಿಂತ ಮೊದಲೇ ಗೊತ್ತು. ನೆಂಟರಿಷ್ಟರಿಗೆಲ್ಲ ಕಾಗದ ಬರೆಯುವ ನಾನು, ಒಳಗೇ ಇರುವ ತಮಗೆ ಒಂದು ಕಾರ್ಡೂ ಹಾಕದಿದ್ದದ್ದು ನನ್ನದೇ ತಪ್ಪು.

ತಾವು ಬರೀ ಪಂಪು ಎಂದು ತಿಳಿದಿದ್ದೆ. ತಾವೂ ನೀರಗಂಟಿಯೇ ಎಂದು ಡಾಕ್ಟರ್ ಶಬ್ರೀನ್ ಮೇಡಂ ಚಿತ್ರ ಬರೆದು ತೋರಿಸಿದರು. ಮೈಯಲ್ಲಿ ಉಪ್ಪುನೀರು ಹೆಚ್ಚಿ ತಮ್ಮ ಗೋಡೆ ಹಿಗ್ಗಿತೆಂದರೆ, ತಾವು ಒಂದು ಹಾರ್ಮೋನನ್ನು ರಕ್ತಕ್ಕೆ ಬಿಟ್ಟು, ನಾಳಗಳು ಸಡಿಲವಾಗಲಿ, ಉಪ್ಪೂ ನೀರೂ ಹೊರಗೆ ಹೋಗಲಿ ಎಂದು ಮೂತ್ರಪಿಂಡಗಳವರೆಗೂ ಚೀಟಿ ಕಳಿಸುತ್ತೀರಂತೆ. ನೀರು ಇಳಿದರೆ ಚೀಟಿಯೂ ಕಡಿಮೆಯಂತೆ. ಮೇಲಿನವರ ಅಪ್ಪಣೆಯಿಲ್ಲದೆ ಒಂದು ತೂಬನ್ನೂ ಎತ್ತದೆ ನಲವತ್ತು ವರ್ಷ ನಾಲೆ ಕಾಯ್ದ ನಾನು, ಯಾರನ್ನೂ ಕೇಳದೆ ತೂಬೆತ್ತುವ ತಮ್ಮ ಧೈರ್ಯಕ್ಕೆ ತಲೆಬಾಗುತ್ತೇನೆ.

ಆದರೆ ಸ್ವಾಮಿ, ಕೆ.ಆರ್.ಪೇಟೆ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕ ದಿನವೇ ಎತ್ತಬೇಕೆ? ಮೂತ್ರಕ್ಕೆ ಇಳಿಯಬೇಕು, ನಿಲ್ಲಿಸಿ ಎಂದರೆ, ಕಂಡಕ್ಟರು ಇಡೀ ಬಸ್ಸಿಗೆ ಕೇಳುವ ಹಾಗೆ, "ಯಜಮಾನ್ರೇ, ಇದು ಮೂರ್ನೇ ಸಲ, ಬಸ್ಸು ನಿಮ್ಗೊಬ್ರಿಗೇ ಬುಟ್ಟಿರೋದಾ?" ಎಂದ.

ಅದನ್ನೂ ನುಂಗಿಕೊಂಡೆ. ನುಂಗಲಾಗದ್ದು ಹೋದ ವಾರದ್ದು. ಉಪ್ಪು ಮುಟ್ಟಕೂಡದೆಂದು ಮೇಡಂ ಹೇಳಿದ್ದರೂ, ಸಂತೆಬಾಚಹಳ್ಳಿಯ ನನ್ನಕ್ಕ ಬೆಟ್ಟಮ್ಮನ ಮನೆಯಲ್ಲಿ ನಾಲ್ಕು ದಿನ ಬಿಸಿಮುದ್ದೆ, ಉಪ್ಪುಸಾರು, ಕಲ್ಲಿನಲ್ಲಿ ಅರೆದ ಖಾರ ಎಲ್ಲ ಉಂಡು ಬಂದು, ಹೆಂಡತಿ ಸೋಮಮ್ಮನಿಗೆ, "ಬರೀ ಮುದ್ದೆ ಮಜ್ಜಿಗೆ ಕಣಮ್ಮಿ" ಎಂದಿದ್ದೆ. ತಾವು ಕಳಿಸಿದ ಚೀಟಿಯನ್ನು ಲ್ಯಾಬಿನವರು ಒಂದು ಸಿರಿಂಜು ರಕ್ತದಲ್ಲಿ ನಡುದಾರಿಯಲ್ಲೇ ಹಿಡಿದು ಓದಿಬಿಟ್ಟರು. ಹೋದ ತಿಂಗಳಿಗಿಂತ ಅಂಕಿ ದುಪ್ಪಟ್ಟು! "ಉಪ್ಪು ತಿಂದ್ರಾ ಅಜ್ಜ?" ಎಂದು ಮೇಡಂ ಕೇಳಿದರೆ, ನಾನು ಬಾಯಿ ತೆರೆಯುವುದರೊಳಗೆ ಸೋಮಮ್ಮ, "ಈವಯ್ಯನ ಬಾಯ್ನ ಯಾಕ್ ಕೇಳೀರಿ ಮೇಡಮ್ಮೋರೆ, ಎದೆನೇ ಯೋಳ್ಬುಟ್ಟದಲ್ಲ" ಎಂದಳು.

ಅಂದಿನಿಂದ ಅಕ್ಕನ ಮನೆಗೆ ಹೋಗಕೂಡದೆಂದು ಸೋಮಮ್ಮನ ಅಪ್ಪಣೆಯಾಗಿದೆ. ಎಂಬತ್ತು ದಾಟಿದ ಆ ಕೈ ನನಗಾಗಿ ಇನ್ನೆಷ್ಟು ಮುದ್ದೆ ಕಟ್ಟೀತು? ಆದಕಾರಣ ತಾವು ಇನ್ನು ಮುಂದೆ ಚೀಟಿಯನ್ನು ಲಕೋಟೆಗೆ ಹಾಕಿ ಅರಗಿನ ಮೊಹರು ಒತ್ತಿಯೇ ಕಳಿಸಬೇಕು. ನಾನು ಬಸ್ಸು ಹತ್ತಿದ ದಿನ, ಕೆಲವು ದಿನ ನೀರು ಬಿಟ್ಟು ಕೆಲವು ದಿನ ನಿಲ್ಲಿಸುವ ನಮ್ಮ ನಾಲೆಯ ಕಟ್ಟುಪದ್ಧತಿಯಂತೆ, ಸಂತೆಬಾಚಹಳ್ಳಿ ಮುಟ್ಟುವತನಕ ನೀರು ಬಂದ್ ಮಾಡಬೇಕು ಎಂದು ಕೋರುತ್ತೇನೆ.

ಇಷ್ಟು ಬರೆಯುವಷ್ಟರಲ್ಲಿ ಅಕ್ಕನ ಫೋನು ಬಂತು. ಸೋಮಮ್ಮ ಅಲ್ಲಿಗೂ ವರದಿ ಒಪ್ಪಿಸಿದ್ದಾಳೆ. "ಲೇ ಮಂಚ, ನಂಗೆ ಉಣ್ಣಾಕ್ ಬರೋ ತಮ್ಮ ಬೇಕು ಕಣ್ಲಾ, ನಿನ್ ಉಪ್ಪು ಕಟ್ಕೊಂಡ್ ಏನಾಗ್ಬೇಕು? ನಿಂಗೆ ಉಪ್ಪಾಕ್ದೆ ಬ್ಯಾರೆ ಮಾಡಿಕ್ತೀನಿ, ಬಾ" ಎಂದಳು. ನನ್ನ ಕಣ್ಣು ತುಂಬಿತು. ಆ ತೂಬಿಗೂ ತಮಗೂ ಸಂಬಂಧವಿಲ್ಲವೆಂದು ಮೇಡಂ ಹೇಳಿಯಾರು, ನಾನು ನಂಬುವುದಿಲ್ಲ.

ಆದ್ದರಿಂದ ಈ ದೂರನ್ನು ಹಿಂತೆಗೆದುಕೊಂಡಿಲ್ಲ, ತಡೆಹಿಡಿದಿದ್ದೇನೆ.

ತಮ್ಮ ಬಡಿತವನ್ನೇ ನೆಚ್ಚಿಕೊಂಡಿರುವ,
ತಮ್ಮ ವಿಶ್ವಾಸಿ,
ಮಂಚಯ್ಯ

ಮರೆತ ಮಾತು: ಭಾನುವಾರ ಅಕ್ಕನ ಮನೆಯಲ್ಲಿ ಉಪ್ಪಿಲ್ಲದ ಉಪ್ಪುಸಾರು ಉಣ್ಣಲಿದ್ದೇನೆ, ಸೋಮಮ್ಮ ಎದುರಿಗೇ ಕೂರುತ್ತಾಳೆ. ಇಷ್ಟಾಗಿಯೂ ಮುಂದಿನ ತಿಂಗಳು ಅಂಕಿ ಇಳಿಯದಿದ್ದರೆ, ಈ ಸಲ ಸುಳ್ಳು ಹೇಳಿದವರು ತಾವೇ ಎಂಬುದಕ್ಕೆ ಇಬ್ಬರು ಹೆಂಗಸರು ಸಾಕ್ಷಿ ಇದ್ದಾರೆ.