ಉಪಚಾರ ನಿಲ್ಲಿಸಿದ್ದಕ್ಕೆ ಅನುಮಾನರಾಯರ ಕ್ಷಮೆ ಕೋರಿ

ನಮ್ಮ ಮನೆಯ ಖಾಯಂ ಅತಿಥಿಗಳೂ, ಗ್ಯಾಸ್ ಒಲೆಯ ನಾಬುಗಳ ಸರ್ವೋಚ್ಚ ಮೇಲ್ವಿಚಾರಕರೂ, ನಿದ್ರಾಹರಣ ನಿಪುಣರೂ ಆದ ಅನುಮಾನರಾಯರಿಗೆ ಬಹಿರಂಗವಾಗಿ ನಮಸ್ಕರಿಸಿ,

ಮಾನ್ಯರೇ,

ನಾನು ಕ್ಷೇಮವೋ ಅಲ್ಲವೋ ಎಂಬುದನ್ನು ತಮ್ಮನ್ನು ಕೇಳದೆ ಹೇಳುವಂತಿಲ್ಲ. ಸದ್ಯ ಮೊಮ್ಮಗಳ ಶಾಲೆಯ ಸಭಾಂಗಣದಲ್ಲಿ, ಮಗಳ ಪಕ್ಕದ ಕುರ್ಚಿಯಲ್ಲಿ, ಪರದೆ ಏಳುವುದನ್ನು ಕಾಯುತ್ತಾ ಇದನ್ನು ಬರೆಯುತ್ತಿದ್ದೇನೆ. ಒಲೆ ಆರಿಸಿ ಬಂದೆಯಾ ಎಂದು ಬಸ್ಸು ಹತ್ತಿದಾಗಿನಿಂದ ತಾವು ಕೇಳುತ್ತಲೇ ಇದ್ದೀರಿ; ಬಿ.ಎ. ಓದಿದವನಾಗಿಯೂ ಉತ್ತರ ಕೊಡದೆ ಕೂತಿರುವ ಈ ಅವಿನಯಕ್ಕೆ ಕಾರಣ ತಿಳಿಸುವುದು ನನ್ನ ಕರ್ತವ್ಯ.

ಮೊದಲಿಗೆ ತಮ್ಮ ಸೇವೆಯನ್ನು ಸ್ಮರಿಸಬೇಕು. ಅಚ್ಚುಕೂಟದಲ್ಲಿ ಕರಡು ತಿದ್ದುತ್ತಿದ್ದ ಕಾಲದಲ್ಲಿ ನನಗೆ ಹೆಸರು ಬಂದದ್ದೇ ತಮ್ಮಿಂದ. "ಈ ಮನುಷ್ಯ ತನ್ನ ಸಹಿಯನ್ನೂ ನಂಬಲ್ಲ ಕಣ್ರೀ" ಎಂದು ಮಾಲೀಕರು ಗಿರಾಕಿಗಳ ಮುಂದೆ ಬೀಗುತ್ತಿದ್ದರು. ಕೆಲಸ ಮುಗಿದ ಮೇಲೆ ತಾವು ಅಚ್ಚುಕೂಟದಲ್ಲೇ ಉಳಿಯುವುದು ಬಿಟ್ಟು ನನ್ನ ಹಿಂದೆಯೇ ಮನೆಗೆ ಬಂದಿರೆಂಬುದಷ್ಟೇ ನನ್ನ ಆಕ್ಷೇಪ. ಕರಡಿಗಾದರೂ ಅಚ್ಚಿಗೆ ಹೋಗುವ ಗಳಿಗೆ ಅಂತ ಒಂದಿರುತ್ತದೆ. ಒಲೆಯ ನಾಬಿಗೆ ಅಂತಿಮ ಕರಡು ಎಂಬುದನ್ನೇ ತಾವು ಇಟ್ಟಿಲ್ಲ.

ನನ್ನಾಕೆ ಇರುವ ತನಕ ತಮಗೆ ಯಾವ ಕೊರತೆಯೂ ಆಗಲಿಲ್ಲ. ನಾನು ಚಪ್ಪಲಿ ಮೆಟ್ಟಿ, ಕಳಚಿ, ಅಡುಗೆಮನೆಗೆ ಹೋಗಿ, ಬಂದು ಮತ್ತೆ ಮೆಟ್ಟುವಷ್ಟರಲ್ಲಿ "ಆರ್ಸಿದ್ದೀನಿ, ಮೂಸೀನೂ ನೋಡಿದ್ದೀನಿ, ಬನ್ನಿ ಅಂದ್ರೆ!" ಎನ್ನುತ್ತಿದ್ದಳು, ತಾವು ಆ ಮಾತನ್ನು ಉಂಡು ತೇಗಿ ಬೀದಿಯ ತಿರುವಿನ ತನಕ ತೆಪ್ಪಗಿರುತ್ತಿದ್ದಿರಿ. ಆಕೆ ತೀರಿಕೊಂಡ ಮೇಲೆ ಈ ಇಲಾಖೆ ಮಗಳ ಫೋನಿಗೆ ವರ್ಗವಾಯಿತು. ಹೋದ ವರ್ಷ ಮೊಮ್ಮಗಳು ಚಿಟ್ಟೆಯ ವೇಷದಲ್ಲಿ ರಂಗಕ್ಕೆ ಬಂದ ಹೊತ್ತಿಗೆ ನಾನು ಬಸ್ ನಿಲ್ದಾಣದಿಂದ ಹಿಂತಿರುಗಿ, ಆರಿದ ಒಲೆಯ ಮುಂದೆ ಕಾವಲು ನಿಂತಿದ್ದೆ. "ತಾತ, ನನ್ನ ರೆಕ್ಕೆ ನೋಡ್ಲೇ ಇಲ್ಲ ನೀನು" ಎಂದು ಅವಳು ಅಂದದ್ದು ತಮಗೂ ಕೇಳಿಸಿರಬೇಕು, ಏಕೆಂದರೆ ಆಗಲೂ ತಾವು ನನ್ನ ಕಿವಿಯಲ್ಲೇ ಬಿಡಾರ ಹೂಡಿದ್ದಿರಿ. "ಈ ಸಲವೂ ತಪ್ಪಿಸಿದ್ರೆ ಅವಳಿಗೆ ನೀನೇ ಉತ್ತರ ಹೇಳ್ಕೋ ಅಪ್ಪಾ" ಎಂದು ಮಗಳು ನನ್ನನ್ನು ಆಪ್ತಸಮಾಲೋಚಕಿಯ ಬಳಿಗೆ ಎಳೆದೊಯ್ದಳು.

ಅಲ್ಲಿ ನನ್ನ ಬಿ.ಎ.ಯ ಪಕ್ಕಕ್ಕೆ ಓ.ಸಿ.ಡಿ. ಎಂಬ ಇನ್ನೊಂದು ಪದವಿ ಸೇರಿತು. ಬರೀ ಗೀಳು ಎಂದರೆ ಇಷ್ಟು ಘನತೆ ಎಲ್ಲಿ ಬರುತ್ತದೆ! ಚಿಕಿತ್ಸೆಯ ಹೆಸರು ಎಕ್ಸ್‌ಪೋಶರ್ ಎಂದಾಗ, ತಮ್ಮ ಹಗರಣವನ್ನು ಯಾವುದೋ ಪೇಪರಿನಲ್ಲಿ ಬಯಲಿಗೆಳೆಯುತ್ತಾರೆಂದು ಒಳಗೊಳಗೇ ಹಿಗ್ಗಿದೆ. ನೋಡಿದರೆ, ಒಲೆಯನ್ನು ಒಮ್ಮೆ ಆರಿಸಿ, ತಿರುಗಿ ನೋಡದೆ ಬೀಗ ಹಾಕಿ, ಎದೆಯ ಡವಡವವನ್ನು ಅದರ ಪಾಡಿಗೆ ಬಿಟ್ಟು ಮೆಟ್ಟಿಲ ಮೇಲೆ ಕೂರುವುದಂತೆ. ಅದು ತಾನಾಗಿಯೇ ಇಳಿಯುತ್ತದಂತೆ. ಇಳಿಯುವುದೇನೋ ನಿಜ, ಸರ್ಕಾರಿ ಕಡತದ ವೇಗದಲ್ಲಿ. ಅನುಮಾನವನ್ನು ಕರೆಯದೇ ಬಂದ ನೆಂಟ ಅಂತ ತಿಳಿಯಿರಿ ಎಂದವರೂ ಅವರೇ. ರಾಯರು ಎಂಬ ಗೌರವ ಮಾತ್ರ ನನ್ನ ಕಾಣಿಕೆ.

ಆಮೇಲೆ ಅವರು, "ನಿಮ್ಮನೆಯವರು ಈ ಕಾಯಿಲೆಗೆ ಅಕಾಮಡೇಶನ್ ಕೊಡ್ತಿದ್ರು ಸಾರ್" ಎಂದುಬಿಟ್ಟರು. ಕಾಲೇಜಿನಲ್ಲಿ ನಾನು ಕಲಿತ ಪ್ರಕಾರ ಅಕಾಮಡೇಶನ್ ಎಂದರೆ ಲಾಡ್ಜಿನ ರೂಮು. ಆಕೆ ಒಪ್ಪವಾಗಿಟ್ಟ ಮನೆಯನ್ನು ಲಾಡ್ಜ್ ಎನ್ನಲು ನೀವು ಯಾರು ಎಂದು ಎದ್ದೇಬಿಟ್ಟೆ. ಅವರು ನಗಲಿಲ್ಲ, ಕೂರಿಸಿದರು. "ಕೇಳಿದಾಗಲೆಲ್ಲ ಸಮಾಧಾನ ಹೇಳಿ ಕಾಯಿಲೆಗೆ ಹೊಂದಿಕೊಂಡು ಹೋಗೋದಕ್ಕೆ ನಾವು ಹಾಗಂತೀವಿ. ಅದು ಪ್ರೀತೀನೇ ಸಾರ್. ಆದ್ರೆ ಅವರು ಬಡಿಸಿದ್ದು ನಿಮಗೆ, ಉಂಡು ಹೋದವನು ಆ ನೆಂಟ." ತಮ್ಮ ಮೇಲಿನ ನನ್ನ ನಿಜವಾದ ದೂರು, ಮಾನ್ಯರೇ, ಇದೊಂದೇ: ಆಕೆ "ಬನ್ನಿ" ಎಂದು ಕರೆದಾಗಲೆಲ್ಲ ಆ ಕರೆ ನನ್ನ ಪಾಲಿಗೆ ಉಳಿಯದಂತೆ ಕಬಳಿಸಿದಿರಿ, ಜೊತೆಯಲ್ಲಿ ಹೊರಗೆ ಹೊರಟ ಹೆಂಡತಿಯ ದನಿಯನ್ನು ಒಂದು ಸಲವೂ ನಾನು ಸುಮ್ಮನೆ ಕೇಳಿಸಿಕೊಳ್ಳಲಿಲ್ಲ.

ಆದಕಾರಣ ಈಗ ನನಗೆ ಉಪಚಾರ ಶುರುವಾಗಿದೆ, ತಮಗೆ ಉಪಚಾರ ನಿಂತಿದೆ. ಒಂದೇ ಶಬ್ದ ಇಬ್ಬರಿಗೂ ಸಾಲುವುದಿಲ್ಲ, ಮನ್ನಿಸಬೇಕು. ಜಾಗ ಖಾಲಿ ಮಾಡಿ ಎಂದು ಗದರುವುದಿಲ್ಲ, ಏಕೆಂದರೆ ಹೊರದಬ್ಬಿದಷ್ಟೂ ತಾವು ಬಂಧುಬಳಗ ಸಮೇತ ಮರಳುತ್ತೀರೆಂದು ಸಮಾಲೋಚಕಿ ಎಚ್ಚರಿಸಿದ್ದಾರೆ. ಇರಿ, ಮೂಲೆಯಲ್ಲಿ ಕೂತಿರಿ. ಬೇಸರವಾದರೆ ತಾವೇ ಹೋಗಿ ಒಲೆ ನೋಡಿ ಬರಬಹುದು. ಹೋದಮೇಲೆ, ಸರಿಯಾಗಿ ನೋಡಿದೆನೇ ಎಂಬ ಅನುಮಾನ ತಮಗೂ ಹುಟ್ಟಿ, ಅಲ್ಲೇ ನಿಂತುಬಿಡಬೇಕೆಂದು ಕೋರುತ್ತೇನೆ. ತಮ್ಮ ಪ್ರಶ್ನೆಗೆ ಇನ್ನು ಮುಂದೆ ನನ್ನಿಂದ ಸಿಗುವ ಉತ್ತರವಿಷ್ಟೇ: ಆರಿಸಿರಬಹುದು, ಆರಿಸದೆಯೂ ಇರಬಹುದು.

ತಮ್ಮಲ್ಲಿ ಎಳ್ಳಷ್ಟೂ ವಿಶ್ವಾಸವಿಲ್ಲದೆ, ಬರೀ ರೂಢಿಗೆ ಕಟ್ಟುಬಿದ್ದು,

ತಮ್ಮ ವಿಶ್ವಾಸಿ,
ಬಿ.ಎ., ಓ.ಸಿ.ಡಿ.

ತಾ.ಕ.: ನಾಟಕ ಮುಗಿಯಿತು. ಈ ಸಲ ಮೊಮ್ಮಗಳದು ಬಂಡೆಯ ಪಾತ್ರ; ಮಾತಿಲ್ಲ, ಕೊನೆತನಕ ಅಲ್ಲಾಡದೆ ಕೂರಬೇಕು. ನಡುವೆ ತಾವು ಹೊಗೆ, ಬೆಂಕಿ ಆರಿಸುವ ಗಾಡಿ, ಪಕ್ಕದ ಮನೆಯವರ ಗೋಳು ಎಲ್ಲವನ್ನೂ ತೋರಿಸಿದಿರಿ. ವೇಷಭೂಷಣ ಮಕ್ಕಳದಕ್ಕಿಂತ ತಮ್ಮದೇ ಚೆನ್ನಾಗಿತ್ತೆಂದು ಒಪ್ಪುತ್ತೇನೆ. ಮಗಳ ಕಡೆ ತಿರುಗಿ ಬಾಯಿ ತೆರೆದೆ. "ಚೆನ್ನಾಗಿ ಕೂತಿದ್ದಾಳೆ ಅಲ್ವಾ" ಎಂದಷ್ಟೇ ಅಂದೆ. ಅಷ್ಟರಲ್ಲಿ ಬಂಡೆ ನನ್ನನ್ನು ಗುರುತಿಸಿ, ಇಡೀ ಸಭೆ ನಗುವಂತೆ ಎರಡೂ ಕೈ ಬೀಸಿತು. ಬಂಡೆ ಅಲ್ಲಾಡಿತು, ಮಾನ್ಯರೇ, ನಾನು ಅಲ್ಲಾಡಲಿಲ್ಲ.