ಮರಿಸಿದ್ದಯ್ಯನ ಪೀಪಾಯಿ

ಪೀಪಾಯಿಯನ್ನು ಬಾಗಿಲ ಮುಂದೆ ಇಟ್ಟದ್ದೇ ಎಲ್ಲ ಅನಾಹುತಕ್ಕೂ ಮೂಲ. ಹಾಗಂತ ಇಡದೆ ಇರುವ ಹಾಗೂ ಇರಲಿಲ್ಲ. ಇಡದಿದ್ದರೆ ಮರಿಸಿದ್ದಯ್ಯನ ಹೋಟೆಲಿಗೆ ಅವತ್ತೇ ಬೀಗ ಬೀಳುತ್ತಿತ್ತು.

ಮಳವಳ್ಳಿ ಪೇಟೆಯಲ್ಲಿ ಬಸ್ಸು ನಿಲ್ಲುವ ಕಡೆ ಕಬ್ಬಿನ ಸೋಗೆ ಹೊದಿಸಿದ ಕಾಫಿ ಹೋಟೆಲು ಅವನದು. ಮುಂದೆ ಹೋಟೆಲು, ಹಿಂದೆ ಸಂಸಾರ. ಹೋದ ಬೇಸಿಗೆಯಲ್ಲಿ ಯಾವನೋ ಪುಣ್ಯಾತ್ಮ ಎಸೆದ ಬೀಡಿಯಿಂದ ಗಾಡಿ ನಿಲ್ಲುವ ಅಡ್ಡೆಯ ಗುಡಿಸಲುಗಳೆಲ್ಲ ಬೂದಿಯಾಗಿದ್ದವು. ಎಲ್ಲ ಉರಿದುಹೋದ ಮೇಲೆ ಪುರಸಭೆಗೆ ಎಚ್ಚರವಾಗಿ ತಮಟೆ ಹೊಡೆಸಿ ಸಾರಿದರು: ಸೋಗೆ ಸೂರಿನ ಕೆಳಗೆ ಒಲೆ ಹಚ್ಚಿ ವ್ಯಾಪಾರ ಮಾಡುವವರು ಬಾಗಿಲಲ್ಲಿ ಒಂದು ಪೀಪಾಯಿ ನೀರು, ಡಬ್ಬಗಳಲ್ಲಿ ಮರಳು, ಒಂದು ಏಣಿ ಇಟ್ಟಿರಬೇಕು. ಇನ್ಸ್‌ಪೆಕ್ಟರು ಬಂದಾಗ ನೀರು ಕಂಠಮಟ್ಟ ಇರಬೇಕು. ಇಲ್ಲದಿದ್ದರೆ ಲೈಸೆನ್ಸು ರದ್ದು.

"ಇವತ್ತು ಇನ್ಸ್‌ಪೆಕ್ಟ್ರು ನಿನ್ನ ಓಟ್ಲಿಗೇ ಬತ್ತಾವ್ರೆ ಕಣ್ಲಾ," ಅಂತ ಬೆಳಿಗ್ಗೆಯೇ ಹೇಳಿ ಹೋದವನು ಎದುರುಗಡೆ ಬೀಡಾ ಅಂಗಡಿಯ ನಾಗಯ್ಯ. ಕೋರ್ಟಿನ ಜಗಲಿಯಲ್ಲಿ ಒಂದು ವರ್ಷ ಎಲೆ ಅಡಿಕೆ ಮಾರಿದ್ದಕ್ಕೆ ಕಾನೂನೆಲ್ಲ ತನ್ನ ಸೊಂಟದ ಚೀಲದಲ್ಲಿದೆ ಅಂತ ತಿಳಿದಿದ್ದ ಪ್ರಾಣಿ ಅದು.

ಮರಿಸಿದ್ದಯ್ಯ ಊರಾಚೆಯ ಬಾವಿಯಿಂದ ಅಡ್ಡೆಗೆ ಕೊಡ ತೂಗುಹಾಕಿ ಹೊತ್ತು ಹೊತ್ತು ಪೀಪಾಯಿ ತುಂಬಿಸಿದ. ಕೊನೆಯ ಕೊಡ ಸುರಿದು ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ ಪೂರಿಗಾಲಿಯಿಂದ ಸೊಪ್ಪು ಮಾರಲು ಬಂದ ಮುದುಕಿ ಚಿಕ್ಕಮಾದಮ್ಮ ಬುಟ್ಟಿ ಇಳಿಸಿ, ಎರಡು ಚೆಂಬು ಕುಡಿದು, ಒಂದು ಚೆಂಬು ಮುಖಕ್ಕೆ ಎರಚಿಕೊಂಡಳು.

"ನಿನ್ನ ಒಟ್ಟೆ ತಣ್ಣಗಿರ್ಲಿ ಕಣಪ್ಪ. ಈ ಬಿಸ್ಲಲ್ಲಿ ಅರವಟ್ಟಿಗೆ ಮಡಗಿದ್ದೀಯಲ್ಲ, ದೊಡ್ಡ ಮನಸು."

"ಅರವಟ್ಟಿಗೆ ಅಲ್ಲ ಕಣಜ್ಜಿ, ಇದು ಬೆಂಕಿಗೆ ಮಡಗಿರ ನೀರು!"

"ಊಂ ಕಣಪ್ಪ, ಒಟ್ಟೆ ಬೆಂಕಿಗೆ," ಅಂದು ಮುದುಕಿ ಇನ್ನೊಂದು ಚೆಂಬು ಕುಡಿದಳು.

ಬೇಸಿಗೆಯಲ್ಲಿ ಬಾಗಿಲ ಮುಂದೆ ನೀರಿಟ್ಟರೆ ನಮ್ಮ ಸೀಮೆಯಲ್ಲಿ ಅದು ಅರವಟ್ಟಿಗೆಯೇ. ದಾರಿಹೋಕನ ಬಾಯಾರಿಕೆಗೆ ಇಟ್ಟ ಧರ್ಮದ ನೀರು. ಅದನ್ನು ಬೇಡ ಅನ್ನುವವನು ಮುಂದಿನ ಜನ್ಮದಲ್ಲಿ ಒಣಗಿದ ಕೆರೆಯ ಕಪ್ಪೆಯಾಗುತ್ತಾನಂತೆ. ಅದೂ ಅಲ್ಲದೆ ಪುಕ್ಕಟೆ ನೀರು ಕಂಡರೆ ನಮ್ಮ ಜನಕ್ಕೆ ಇಲ್ಲದ ಬಾಯಾರಿಕೆಯೂ ಹುಟ್ಟುತ್ತದೆ. ಬ್ಲಫ್ ಊರಿನ ಕಡೆಯಿಂದ ಬಂದ ಬಸ್ಸು ನಿಂತದ್ದೇ ತಡ, ಒಳಗಿದ್ದವರೆಲ್ಲ ಇಳಿದು ಪೀಪಾಯಿಗೆ ಮುತ್ತಿದರು. ಬೆಲ್ಲಕ್ಕೆ ಇರುವೆಯಾದರೂ ಸಾಲಾಗಿ ಬರುತ್ತದೆ. ಕುಡಿದವರಲ್ಲಿ ಒಬ್ಬನೂ ಒಳಗೆ ಬಂದು ಕಾಫಿ ಕೇಳಲಿಲ್ಲ.

ಮರಿಸಿದ್ದಯ್ಯ ಮತ್ತೆ ಅಡ್ಡೆ ಎತ್ತಿದ.

ತುಂಬಿಸಿ ತಿರುಗುವಷ್ಟರಲ್ಲಿ ಗಾಡಿ ಕೆಂಪಸಿದ್ದಯ್ಯನ ಎತ್ತು ಪೀಪಾಯಿಯೊಳಗೆ ಮೂತಿ ಇಟ್ಟಿತ್ತು.

"ಲೇ ಕೆಂಪಸಿದ್ದ! ಎಳ್ಕಳ್ಲಾ ನಿನ್ನ ಎತ್ತ!"

"ಮೂಗ್ ಪ್ರಾಣಿ ಕಣ್ಲಾ, ಕುಡೀಲಿ ಬುಡು. ಮನುಸರು ಕುಡಿದ್ರೆ ಅರ್ಧ ಪುಣ್ಯ, ಎತ್ತು ಕುಡಿದ್ರೆ ಪೂರ್ತಿ."

"ಪುಣ್ಯ ಕಟ್ಕಂಡು ನಾನೇನ್ ಬೋಂಡ ಕರೀಲಾ? ಇನ್ಸ್‌ಪೆಕ್ಟ್ರು ಬತ್ತಾವ್ರೆ!"

"ಬರ್ಲಿ. ಅವ್ರಿಗೂ ಒಂದ್ ಚೆಂಬು ಕೊಡು."

ಅಷ್ಟರಲ್ಲಿ ನಾಗಯ್ಯ ಯಾರೂ ಕರೆಯದೆ ಬಂದು ಪೀಪಾಯಿಗೆ ಮಾವಿನ ಸೊಪ್ಪು ಕಟ್ಟಿ, ಅರಿಶಿನ ಕುಂಕುಮ ಬಳಿದು, ಸೊಂಟದ ಮೇಲೆ ಕೈಯಿಟ್ಟು ನಿಂತ. "ಬರೀ ನೀರು ಮಡಗಿದ್ರೆ ಜನ ಏನಂದಾರು? ಒಸಿ ಮಜ್ಜಿಗೆನೂ ಮಡಗು. ಕಾನೂನಲ್ಲೂ ಅಂಗೇ ಐತೆ."

"ಯಾವ ಕಾನೂನಲ್ಲೈತ್ಲಾ?"

"ಮೇಲಿನ ಕಾನೂನಲ್ಲಿ," ಅಂದು ನಾಗಯ್ಯ ಆಕಾಶ ತೋರಿಸಿದ.

ಇತ್ತ ಬೀದಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಪಾತ್ರೆ ತಿಕ್ಕಲು ಮರಳನ್ನು ಸೆರಗಿಗೆ ತುಂಬಿಕೊಳ್ಳುತ್ತಿದ್ದರು. "ಒಳ್ಳೆ ಸಣ್ಣ ಮರಳು ಕಣಮ್ಮ, ತಂಬಿಗೆ ಪಳಪಳ ಅಂತದೆ," ಅಂತ ಒಬ್ಬಳು ಇನ್ನೊಬ್ಬಳನ್ನು ಕೂಗಿ ಕರೆದಳು.

ಮೂರನೆಯ ಸಲ ಪೀಪಾಯಿ ತುಂಬಿಸುವ ಹೊತ್ತಿಗೆ ಮರಿಸಿದ್ದಯ್ಯನ ಹೆಗಲ ಚರ್ಮ ಕಿತ್ತು, ತಾಳ್ಮೆಯೂ ಕಿತ್ತುಹೋಗಿತ್ತು. ಪಾಪ ಬಂದರೆ ಬರಲಿ ಅಂತ ಸೌದೆ ಹಿಡಿದು ಪೀಪಾಯಿಯ ಮುಂದೆ ನಿಂತ. "ಇನ್ನು ಯಾವನಾರ ಮುಟ್ಟುದ್ರೆ ಕೈ ಮುರೀತೀನಿ!"

"ಥೂ ನಿನ್ನ! ಬೆಳಿಗ್ಗೆ ಧರ್ಮರಾಯ, ಮಧ್ಯಾನ ಯಮರಾಯ," ಅಂದಳು ಚಿಕ್ಕಮಾದಮ್ಮ. ಅವಳಿನ್ನೂ ಹೋಗಿರಲಿಲ್ಲ. ನೀರಿರುವ ಕಡೆ ಸೊಪ್ಪು ಬಾಡುವುದಿಲ್ಲವಲ್ಲ.

ಮರಿಸಿದ್ದಯ್ಯ ಒಳಗಿದ್ದ ಹೆಂಡತಿಯನ್ನೂ ಕೂಗಿದ. "ಮಲ್ಲಿಗೀ! ಬಂದು ಮರಳು ಕಾಯಿ!"

"ಬಾಣ್ಲೇಲಿ ಎಣ್ಣೆ ಕಾಯ್ತಾ ಅದೆ ಕಣಿ. ಬೋಂಡ ಯಾರು ಬುಡ್ತಾರೆ?"

"ಎಣ್ಣೆ ತಾನಾಗೇ ಕಾಯ್ತದೆ, ಮರಳು ತಾನಾಗೇ ಕಾಯ್ಕಳಲ್ಲ. ಬಾ ಅಂದ್ರೆ!"

ಮಲ್ಲಿಗಮ್ಮ ಬಂದು ಡಬ್ಬದ ಮೇಲೆ ಕೂತಳು. ಗಂಡ ನೀರು ಕಾದ, ಹೆಂಡತಿ ಮರಳು ಕಾದಳು. ಒಲೆಯನ್ನು ಕಾಯುವವರು ಯಾರೂ ಇರಲಿಲ್ಲ.

ಬೀದಿಯ ತುದಿಯಲ್ಲಿ ಸೈಕಲ್ಲು ತಳ್ಳಿಕೊಂಡು ಬರುತ್ತಿದ್ದ ರುಮಾಲು ಕಂಡಿತು. ಇನ್ಸ್‌ಪೆಕ್ಟರು! ಮರಿಸಿದ್ದಯ್ಯ ಪೀಪಾಯಿ ಬಗ್ಗಿ ನೋಡಿದ. ಕಂಠಮಟ್ಟ. ಮುಖ ಅರಳಿತು.

ಸರಿಯಾಗಿ ಆಗಲೇ ಕೆಂಪಸಿದ್ದಯ್ಯ ಕಿರುಚಿಕೊಂಡ. "ಲೇ, ನಿನ್ನ ಸೂರು ಅತ್ಕೊಂಡದೆ ಕಣ್ಲಾ!"

ಕಾದು ಕಾದು ಉರಿ ಹಿಡಿದ ಎಣ್ಣೆಯ ಜ್ವಾಲೆ ಮೇಲಿನ ಸೋಗೆಯನ್ನು ನೆಕ್ಕಿತ್ತು. ಕೆಂಪಸಿದ್ದಯ್ಯ ಬಕೆಟ್ಟು ಹಿಡಿದು ಪೀಪಾಯಿಗೆ ನುಗ್ಗಿದ. ಮರಿಸಿದ್ದಯ್ಯ ಎರಡೂ ಕೈಯಲ್ಲಿ ಪೀಪಾಯಿ ತಬ್ಬಿಕೊಂಡ.

"ಮುಟ್ಬ್ಯಾಡ! ಇನ್ಸ್‌ಪೆಕ್ಟ್ರು ಬಂದೇಬುಟ್ರು! ಅವ್ರು ನೋಡಾದ್ಮೇಲೆ ಉಯ್ಯಿ!"

"ಬೆಂಕಿ ಕಣ್ಲಾ ಮುಂಡೇದೇ, ಬೆಂಕಿ!"

"ಬೆಂಕಿ ಇವತ್ತು ಬತ್ತದೆ, ನಾಳೆ ಓಯ್ತದೆ. ಲೈಸೆನ್ಸು ಓದ್ರೆ ತಿರ್ಗಾ ಬತ್ತದ?"

"ಅವ್ನು ಯೋಳದು ಸರಿ," ಅಂದ ನಾಗಯ್ಯ. "ಕಾನೂನ್ ಪ್ರಕಾರ ನೀರು ತುಂಬಿರ್ಬೇಕು. ಉಯ್ಯಿ ಅಂತ ತಮಟೆಯೋನು ಯೋಳ್ನಿಲ್ಲ."

ಮಲ್ಲಿಗಮ್ಮ ಒಂದು ಡಬ್ಬ ಮರಳು ಎತ್ತಿಕೊಂಡು ಒಳಗೆ ನುಗ್ಗಲು ಹೋದಳು. ಗಂಡ ಕಾಲು ಅಡ್ಡ ಕೊಟ್ಟು ತಡೆದ. ಬೇಸಿಗೆಯ ಸೋಗೆ, ಹಪ್ಪಳದ ಹಾಗೆ ಚಟಚಟ ಅಂದು ಉರಿಯಿತು. ಬೆಂಕಿ ಪಕ್ಕದ ಮನೆಗೆ ಹಾರದಿರಲಿ ಅಂತ ಕೆಂಪಸಿದ್ದಯ್ಯ ಗಾಡಿ ಹಗ್ಗ ಬೀಸಿ ಸೂರನ್ನೇ ಎಳೆದು ಕೆಡವಿದ. ಜನ ಕೋಲಲ್ಲಿ ಬಡಿದು ಆರಿಸಿದರು. ಉಳಿದದ್ದು ನಾಲ್ಕು ಕರಿ ಕಂಬ, ಒಂದು ಬಾಣಲೆ.

ಇನ್ಸ್‌ಪೆಕ್ಟರು ಯೋಗಾನರಸಿಂಹಯ್ಯನವರು ದಾರಿ ತಡವಿಕೊಂಡು ಬಂದು ಆಗಷ್ಟೇ ಸೈಕಲ್ಲು ನಿಲ್ಲಿಸಿದರು. ಅವರಿಗೆ ಕಣ್ಣು ಬಲು ಮಂದ. ಮೂಗು ತಾಗಿಸದೆ ಏನೂ ಕಾಣಿಸುತ್ತಿರಲಿಲ್ಲ. ಪೀಪಾಯಿಗೆ ಮೂಗು ತಾಗಿಸಿದರು, ಕೋಲು ಇಳಿಸಿದರು. ಮರಳಿಗೆ ಬೆರಳಿಟ್ಟರು. ಏಣಿಯ ಮೆಟ್ಟಿಲು ತಟ್ಟಿದರು.

"ಭೇಷ್! ಈ ಪೇಟೆಯಲ್ಲೆಲ್ಲ ರೂಲ್ಸು ತಿಳಿದುಕೊಂಡ ಮನುಷ್ಯ ನೀವೊಬ್ಬರೇ ಕಣ್ರೀ. ಏನ್ರೀ ಇಷ್ಟೊಂದು ಹೊಗೆ, ಸೌದೆ ಹಸಿಯೋ?" ಅನ್ನುತ್ತಲೇ ಲೈಸೆನ್ಸಿಗೆ ರುಜು ಹಾಕಿ ಕೈಗಿಟ್ಟರು. "ಎಲ್ಲಿ, ಒಳಗೆ ಕೂತು ಒಂದು ಲೋಟ ಕಾಫಿ ಕುಡಿಯೋಣ."

ಒಂದು ಹೆಜ್ಜೆ ಒಳಗಿಟ್ಟವರು ತಲೆ ಎತ್ತಿದರು. ಮೇಲೆ ಸೂರ್ಯ ಇದ್ದ.

"ಹೋಟ್ಲೆಲ್ರೀ?"

"ಈಗ ಇತ್ತು ಬುದ್ದಿ," ಅಂದ ಮರಿಸಿದ್ದಯ್ಯ. ಲೈಸೆನ್ಸನ್ನು ಎದೆಗೆ ಒತ್ತಿಕೊಂಡಿದ್ದ. "ಓಗ್ಲಿ ಬುಡಿ. ಲೈಸೆನ್ಸು ಸಿಕ್ತಲ್ಲ, ನಾಳೀಕೇ ಸೋಗೆ ತಂದು ಒದಿಸ್ತೀನಿ."

"ಆಗೋಲ್ಲ. ಸೋಗೆ ಸೂರಿಗೆ ಮಾಫಿ ಇರೋದು ಹಳೇ ಕಟ್ಟಡಕ್ಕೆ ಮಾತ್ರ. ಹೊಸದಾಗಿ ಕಟ್ಟಿದರೆ ಹಂಚೇ ಹಾಕಬೇಕು."

"ಅಂಗಾರೆ ಸಾಲ ಸೋಲ ಮಾಡಿ ಅಂಚೇ ಆಕ್ತೀನಿ ಬುದ್ದಿ."

"ಹಾಕಿ. ಆದರೆ ಈ ಲೈಸೆನ್ಸು ಸೋಗೆ ಸೂರಿನ ಹೋಟ್ಲಿಗೆ ಕೊಟ್ಟದ್ದು. ಹಂಚಿನ ಹೋಟ್ಲಿಗೆ ಇದು ನಡೆಯೋದಿಲ್ಲ," ಅಂದು ಯೋಗಾನರಸಿಂಹಯ್ಯನವರು ಸೈಕಲ್ಲು ತಳ್ಳಿಕೊಂಡು ಹೊರಟರು.

ಮರಿಸಿದ್ದಯ್ಯ ಕೈಯಲ್ಲಿದ್ದ ಕಾಗದ ನೋಡಿದ. ಆಮೇಲೆ ಆಕಾಶ ನೋಡಿದ. ಕೊನೆಗೆ ಹೆಂಡತಿಯ ಕಡೆ ತಿರುಗಿದ. "ಈಗೇನ್ಲೇ ಮಾಡದು, ಮಲ್ಲಿಗಿ?"

ಮಲ್ಲಿಗಮ್ಮ ಬೂದಿಯೊಳಗಿನ ಬಾಣಲೆಯನ್ನು ಕಾಲಿನಿಂದ ಅತ್ತ ನೂಕಿದಳು.

"ಇನ್ನೇನ್ ಮಾಡೀರಿ? ಏಣಿ ಅಲ್ಲೇ ಅದೆ. ಅತ್ತಿ ಆ ಕಾಗ್ದಾನೇ ಸೂರಿಗೆ ಒದಿಸಿ."