ಮಾವನ ನಡುಗಡ್ಡೆಯಲ್ಲಿ ಯಾರೂ ಸದ್ದು ಮಾಡುವಂತಿರಲಿಲ್ಲ

ನನ್ನ ಸೋದರಮಾವ ಮನುಷ್ಯರಿಗಿಂತ ಮೊಸಳೆಗಳಿಗೆ ಹೆಚ್ಚು ಮರ್ಯಾದೆ ಕೊಡುತ್ತಿದ್ದ ಎಂದರೆ ನೀವು ನಂಬುತ್ತೀರಾ? ಅವನ ಹೆಂಡತಿಯನ್ನು ಕೇಳಿದ್ದರೆ ನಂಬುತ್ತಿದ್ದಿರಿ! ಉಯ್ಯಂಬಳ್ಳಿಯಲ್ಲಿ ರಾಗಿ ಹೊಲ, ಎತ್ತು ಎಲ್ಲ ಇದ್ದ ಗಂಡಸು ಬೇಸಿಗೆ ಬಂತೆಂದರೆ ಕಾವೇರಿಗೆ ಓಡುತ್ತಿದ್ದ. ಹೊಳೆ ಇಳಿದು ನಡುವೆ ಒಂದು ನಡುಗಡ್ಡೆ ಏಳುತ್ತಿತ್ತು. ಅಲ್ಲಿ ಮೊಸಳೆ, ನೀರುನಾಯಿಗಳ ಸಂಸಾರ. ಆಸೆಪಟ್ಟವರನ್ನು ಹರಿಗೋಲಿನಲ್ಲಿ ಕರೆದೊಯ್ದು ಹತ್ತಿರದಿಂದ ತೋರಿಸುತ್ತಿದ್ದ.

ಅವನ ಕಟ್ಟುಪಾಡು ಒಂದೇ ಎರಡೇ! ತಲೆಗೆ ಎಣ್ಣೆ ಹಚ್ಚಿದವರು ಬರುವಂತಿಲ್ಲ. ಬೀಡಿ ಸೇದಿದವರು ಹೊಳೆಯಲ್ಲಿ ಮುಳುಗಿ ಏಳಬೇಕು. ಮೊಸಳೆ ಇರುವ ಹೊಳೆಯಲ್ಲಿ! ಹೆಂಗಸರ ಬಳೆಗಳಿಗೆ ತಾನೇ ಬಟ್ಟೆ ಸುತ್ತುತ್ತಿದ್ದ. ನಡುಗಡ್ಡೆಗೆ ಕಾಲಿಟ್ಟ ಮೇಲೆ ಯಾರೂ ತುಟಿ ಬಿಚ್ಚುವಂತಿರಲಿಲ್ಲ.

ಒಮ್ಮೆ ಮಹಾರಾಜರ ಸರ್ಕಾರದ ಅಮಲ್ದಾರರು ಬಂದವರು ಅಲ್ಲಿ ಸೀನಿಬಿಟ್ಟರು. ಮೊಸಳೆಗಳೆಲ್ಲ ನೀರಿಗಿಳಿದವು. ಮಾವ ಅವರನ್ನು ಹತ್ತಿಸಿಕೊಂಡು ಹರಿಗೋಲನ್ನು ದಡಕ್ಕೆ ತಿರುಗಿಸಿದ.

"ನಾನು ಯಾರು ಗೊತ್ತೇನಯ್ಯಾ?"

"ನಂಗೆ ಗೊತ್ತು ಬುದ್ದಿ. ಮೊಸಳೆಗೆ ಗೊತ್ತಿಲ್ವಲ್ಲ!"

ಅತ್ತೆ ಒಂದು ಸಲ ಕೆಮ್ಮಿದಳೆಂದು ಮತ್ತೆ ಅವಳನ್ನು ಕರೆದೊಯ್ಯಲೇ ಇಲ್ಲ. "ಹೆಣ್ಣು ನೋಡಾಕೆ ಹೋದಾಗ ಕೆಮ್ಮು ಐತೆ ಅಂತ ಯಾರೂ ಯೋಳ್ನಿಲ್ಲ!" ಎಂದು ಹೆಣ್ಣು ಕೊಟ್ಟವರ ಮೇಲೆ ಹರಿಹಾಯ್ದನಂತೆ.

ಒಂದು ಬೇಸಿಗೆ ನಾನು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದೆ. ಕೂಸು ಮೂರು ದಿನವೂ ಉಳಿಯಲಿಲ್ಲ. ನಾನು ಅಳಲಿಲ್ಲ. ಅಳದಿದ್ದರೆ ಇವಳೂ ಕೈಬಿಟ್ಟು ಹೋಗುತ್ತಾಳೆ ಎಂದು ಅವ್ವನಿಗೆ ದಿಗಿಲು. ನನ್ನನ್ನು ಅಳಿಸಲೆಂದು ನೆಂಟರಿಷ್ಟರನ್ನು ಕರೆಸಿದಳು. ಅವರು ಎದುರಿಗೆ ಕೂತು ಅತ್ತೇ ಅತ್ತರು. ಅಷ್ಟು ಚೆನ್ನಾಗಿ ಅಳುವವರಿರುವಾಗ ನನ್ನದೇನು ಹೆಚ್ಚು? ಗೋಡೆ ನೋಡುತ್ತ ಕೂತಿದ್ದೆ.

ತಿಂಗಳು ಕಳೆದ ಮೇಲೆ ಮಾವ ಬಂದ. ಸಮಾಧಾನದ ಒಂದು ಮಾತೂ ಆಡಲಿಲ್ಲ. "ಏಳವ್ವ, ನೀರ್ನಾಯಿ ತೋರುಸ್ತೀನಿ" ಎಂದು ನನ್ನ ಬಳೆಗಳಿಗೆ ಬಟ್ಟೆ ಸುತ್ತತೊಡಗಿದ. ಬೇಡವೆನ್ನಲೂ ನನಗೆ ಶಕ್ತಿಯಿರಲಿಲ್ಲ.

ನಡುಗಡ್ಡೆಯಲ್ಲಿ ಒಂದು ಬಂಡೆಯ ಹಿಂದೆ ಬೋರಲು ಮಲಗಿದೆವು. ಆಚೆ ಮರಳಿನ ಮೇಲೆ ಮೊಸಳೆಗಳು ಬಾಯಿ ತೆರೆದು ಬಿಸಿಲು ಕಾಯುತ್ತಿದ್ದವು. ಈಚೆ, ನಾಲ್ಕೇ ಮಾರು ದೂರದಲ್ಲಿ, ತಾಯಿ ನೀರುನಾಯಿ ಮರಿಯ ಕತ್ತು ಕಚ್ಚಿ ನೀರಿಗೆ ಎಳೆಯುತ್ತಿತ್ತು. ಈಜು ಒಲ್ಲದ ಮರಿ ಕಿರುಚಿಕೊಂಡು ಮರಳಿಗೆ ಓಡಿ ಬರುತ್ತಿತ್ತು. ತಾಯಿ ಬೇಸರಿಸದೆ ಮತ್ತೆ ಬಂದು ಎಳೆಯುತ್ತಿತ್ತು. ಕೊನೆಗೆ ಮರಿ ತಾಯಿಯ ಬೆನ್ನು ಹತ್ತಿ ಕೂತಿತು. ಬತ್ತಿಹೋಯಿತೆಂದುಕೊಂಡಿದ್ದ ಎದೆಹಾಲು ನನ್ನ ಕುಪ್ಪಸವನ್ನು ನೆನೆಸಿತು.

ನನ್ನ ಬಾಯಿಂದ ಅದೆಂಥ ಕೂಗು ಹೊರಟಿತೋ! ಮೊಸಳೆಗಳು ನೀರಿಗೆ ಧುಮುಕಿದವು. ತಾಯಿ, ಮರಿ ಕಾಣೆಯಾದವು. ಕೊಕ್ಕರೆಗಳೂ ಹಾರಿಹೋದವು. ಹೆದರಿ ಬಾಯಿಗೆ ಸೆರಗು ತುರುಕಿಕೊಂಡು ಮಾವನ ಕಡೆ ನೋಡಿದೆ. ಅವನ ಕಣ್ಣು ತುಂಬಿತ್ತು. ಸೆರಗನ್ನು ಮೆಲ್ಲಗೆ ಎಳೆದು ತೆಗೆದ.

"ಓಗ್ಲಿ ಬುಡವ್ವ, ಅವು ನಾಳೆ ಬತ್ತವೆ. ನೀನು ಅಳು. ಇನ್ನೂ ಜೋರಾಗಿ ಅಳು."